ದಾರಿಯ ಋಣ

ದಾರಿ ಯಾರದು ಎಂಬ ಪ್ರಶ್ನೆ ಮೇಲುನೋಟಕ್ಕೆ ಕಂದಾಯ ಇಲಾಖೆಗೆ ಸೇರಿದ್ದು. ಸರ್ವೆ ನಂಬರು, ಗಡಿಕಲ್ಲು, ನಕಾಶೆ ನೋಡಿ ಅವರು ಉತ್ತರ ಹೇಳಿಯಾರು. ಆದರೆ ದಾರಿಯ ಮೇಲೆ ನಡೆದವನಿಗೆ ಅದರ ಬಗ್ಗೆ ಏನಾದರೂ ಹೊಣೆಯುಂಟೇ ಎಂಬ ಪ್ರಶ್ನೆಗೆ ಯಾವ ದಫ್ತರದಲ್ಲೂ ಉತ್ತರವಿಲ್ಲ. ಅದು ಧರ್ಮದ ಪ್ರಶ್ನೆ. ಶುಲ್ಕ ಕಟ್ಟಿ, ಚೀಟಿ ಪಡೆದು, ಬೆಟ್ಟ ಹತ್ತಿ ಇಳಿದ ಮೇಲೆ ನಮ್ಮ ಲೆಕ್ಕ ಚುಕ್ತಾ ಆಯಿತೇ?

ತಿರುವನಂತಪುರದ ಕನ್ನಡಿಗರಾದ ನಮಗೆ ಈ ಪ್ರಶ್ನೆ ದೂರದ್ದಲ್ಲ. ಜಿಲ್ಲೆಯ ಪೂರ್ವದಂಚಿನಲ್ಲಿ ಅಗಸ್ತ್ಯಕೂಟವಿದೆ. ಮಲಯಾಳಿಗಳು ಅಗಸ್ತ್ಯಾರ್‌ಕೂಡಂ ಎನ್ನುತ್ತಾರೆ. ಎತ್ತರ 1,868 ಮೀಟರು. ಬೋಣಕ್ಕಾಡಿನಿಂದ ನಡೆದು, ಅತಿರುಮಲೆಯಲ್ಲಿ ರಾತ್ರಿ ತಂಗಿ, ಮರುದಿನ ಶಿಖರ ಮುಟ್ಟುವುದು ವಾಡಿಕೆ. ಅರಣ್ಯ ಇಲಾಖೆ ಸಾಮಾನ್ಯವಾಗಿ ಜನವರಿಯಿಂದ ಒಂದೆರಡು ತಿಂಗಳು ಮಾತ್ರ, ದಿನಕ್ಕೆ ಇಂತಿಷ್ಟೇ ಜನರೆಂದು ಗೊತ್ತುಮಾಡಿ ಒಳಗೆ ಬಿಡುತ್ತದೆ. ಅನುಮತಿ ಸಿಕ್ಕವರು ಹಬ್ಬ ಬಂದಂತೆ ಸಂಭ್ರಮಿಸುತ್ತಾರೆ; ಸಿಗದವರು ಇಲಾಖೆಯನ್ನು ಶಪಿಸುತ್ತಾರೆ. ವರ್ಷದ ಉಳಿದ ತಿಂಗಳುಗಳಲ್ಲಿ ಆ ದಾರಿಯ ಗತಿಯೇನು ಎಂದು ಕೇಳುವವರು ಕಡಿಮೆ.

ದಾರಿ ಹುಟ್ಟುವುದು ಪಾದದಿಂದ, ಸಾಯುವುದೂ ಪಾದದಿಂದಲೇ. ಇದು ಬರಿಯ ಅಲಂಕಾರದ ಮಾತಲ್ಲ. ಕಾಡಿನ ಸಡಿಲ ಮಣ್ಣಿನಲ್ಲಿ ಗಾಳಿ ನೀರು ಆಡುವ ಸಣ್ಣ ರಂಧ್ರಗಳಿರುತ್ತವೆ. ನೂರಾರು ಕಾಲುಗಳು ತುಳಿದಾಗ ಅವು ಮುಚ್ಚಿ ನೆಲ ಗಟ್ಟಿಯಾಗುತ್ತದೆ. ಜೂನ್ ತಿಂಗಳ ಮಳೆ ಒಳಗಿಳಿಯಲಾರದೆ ದಾರಿಯುದ್ದಕ್ಕೂ ಹರಿದು ಅದನ್ನೇ ಕಾಲುವೆ ಮಾಡುತ್ತದೆ. ಕೆಸರಿಗೆ ಅಂಜಿದ ಚಾರಣಿಗ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾನೆ. ದಾರಿ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ. ತಿರುವನ್ನು ಸುತ್ತಲು ಬೇಸರಪಟ್ಟು ನೇರ ಇಳಿದವರ ಜಾಡು ಕೆಲವೇ ಮಳೆಗಾಲಗಳಲ್ಲಿ ಕೊರಕಲಾಗುತ್ತದೆ. ಮದ್ದು ಕಷ್ಟದ್ದೇನಲ್ಲ: ದಾರಿಗೆ ಓರೆಯಾಗಿ ಕಲ್ಲನ್ನೋ ಮರದ ದಿಮ್ಮಿಯನ್ನೋ ಹೂತು ನೀರನ್ನು ಪಕ್ಕಕ್ಕೆ ತಿರುಗಿಸುವುದು, ಅಡ್ಡದಾರಿಗಳಿಗೆ ಮುಳ್ಳುಕೊಂಬೆ ಹಾಕಿ ಮುಚ್ಚುವುದು, ಮಳೆ ನಿಂತೊಡನೆ ಬಿದ್ದ ಮರ ಸರಿಸುವುದು. ಆದರೆ ಇದನ್ನು ಪ್ರತಿವರ್ಷವೂ ಮಾಡಬೇಕು; ಮಾಡಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹತ್ತುವ ಉತ್ಸಾಹವಷ್ಟೇ ಬೆಳೆದು ಹೊಣೆ ಬೆಳೆಯದಿದ್ದರೆ ಏನಾಗುವುದೆಂಬುದನ್ನು ನಮ್ಮ ಕುಮಾರಪರ್ವತ 2024ರ ಜನವರಿಯಲ್ಲಿ ತೋರಿಸಿತು. ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಜನ ಒಮ್ಮೆಗೇ ನುಗ್ಗಿದರು. ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಪಥಗಳನ್ನು ಕರ್ನಾಟಕ ಸರ್ಕಾರ ತಾತ್ಕಾಲಿಕವಾಗಿ ಮುಚ್ಚಬೇಕಾಯಿತು.

‘ಶುಲ್ಕ ಕಟ್ಟಿದ್ದೇವೆ, ದುರಸ್ತಿ ಇಲಾಖೆಯ ಕೆಲಸ’ ಎನ್ನುವವರಿದ್ದಾರೆ. ಸರ್ಕಾರಿ ಕಚೇರಿಯಲ್ಲಿ ಕಡತ ನೋಡುವವನಾಗಿ ನಾನು ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾರೆ. ಇಲಾಖೆಯ ಕೆಲಸವನ್ನು ಇಲಾಖೆ ಮಾಡಲೇಬೇಕು. ಸ್ವಯಂಸೇವಕರನ್ನು ಮುಂದೆ ಮಾಡಿ ನುಣುಚಿಕೊಳ್ಳಕೂಡದು. ನಮ್ಮ ಪುಕ್ಕಟೆ ಶ್ರಮ ದಿನಗೂಲಿಯವನ ಅನ್ನಕ್ಕೆ ಕುತ್ತಾಗಲೂಬಾರದು. ಆದರೂ ಶುಲ್ಕವೆಂಬುದು ಪ್ರವೇಶದ ಬೆಲೆಯೇ ಹೊರತು ದಾರಿಯ ಬೆಲೆಯಲ್ಲ. ಬಾಡಿಗೆ ಕೊಡುವವನೂ ತಾನಿರುವ ಮನೆಯ ಕಸ ಗುಡಿಸುವುದಿಲ್ಲವೇ?

ನಮ್ಮ ಹಿರಿಯರು ಈ ಲೆಕ್ಕವನ್ನು ಬೇರೆ ರೀತಿಯಲ್ಲಿ ಹಾಕಿದ್ದರು. ಕೇರಳದ ಹಳೆಯ ದಾರಿಗಳ ಬದಿಯಲ್ಲಿ ಎರಡು ಕಲ್ಲು ನೆಟ್ಟು ಮೇಲೊಂದು ಕಲ್ಲು ಅಡ್ಡ ಇಟ್ಟ ‘ಅತ್ತಾಣಿ’ಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ತಲೆಹೊರೆ ಹೊತ್ತವನು ಇನ್ನೊಬ್ಬರ ನೆರವಿಲ್ಲದೆ ಹೊರೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ಹೊತ್ತು ಹೊರಡಲೆಂದು ಮಾಡಿದ ಏರ್ಪಾಡು ಅದು. ಕೊಚ್ಚಿ ವಿಮಾನ ನಿಲ್ದಾಣದ ಹತ್ತಿರದ ಊರೊಂದಕ್ಕೆ ಅತ್ತಾಣಿ ಎಂದೇ ಹೆಸರು. ನಮ್ಮ ಕಡೆಯ ಅರವಟ್ಟಿಗೆಯೂ ಇದೇ ಜಾತಿಯದು. ಕಲ್ಲು ನಿಲ್ಲಿಸಿದವನಿಗೆ ಹೊರೆ ಇಳಿಸುವವನ ಹೆಸರು ಗೊತ್ತಿಲ್ಲ. ಹೊರೆ ಇಳಿಸಿದವನಿಗೆ ಕಲ್ಲು ನಿಲ್ಲಿಸಿದವನ ಹೆಸರೂ ಗೊತ್ತಿಲ್ಲ. ಹುಲಿಕಲ್ಲು ಕುದೂರುಗಳ ನಡುವಿನ ರಸ್ತೆಯಲ್ಲಿ ಆಲದ ಸಸಿ ನೆಟ್ಟು, ನೀರು ಹೊತ್ತು ಬೆಳೆಸಿದ ಸಾಲುಮರದ ತಿಮ್ಮಕ್ಕನವರು ಅದರ ನೆರಳಲ್ಲಿ ನಡೆಯುವವರ ಕುಲಗೋತ್ರ ಕೇಳಲಿಲ್ಲ.

ಪಿತೃಋಣ ತೀರುವುದು ತಂದೆಗೆ ಹಿಂತಿರುಗಿಸುವುದರಿಂದಲ್ಲ, ಮಕ್ಕಳನ್ನು ಸಲಹುವುದರಿಂದ ಎನ್ನುತ್ತಾರೆ. ದಾರಿಯ ಋಣವೂ ಅಂಥದೇ. ಹಿಂದೆ ನಡೆದವರಿಂದ ಪಡೆದದ್ದನ್ನು ಮುಂದೆ ಬರುವವರಿಗೆ ಸಲ್ಲಿಸಬೇಕು.

ಆದರೆ ಕಾಡಿನ ದಾರಿಯಲ್ಲಿ ಇನ್ನೊಂದು ಬಾಕಿಯುಂಟು. ಅದನ್ನು ಮೊದಲು ತುಳಿದವರ ಮಕ್ಕಳು ಇನ್ನೂ ಅಲ್ಲೇ ಇದ್ದಾರೆ. 1987ರಲ್ಲಿ ಅಗಸ್ತ್ಯಮಲೆಯಲ್ಲಿ ಶೋಧಕ್ಕೆ ಹೋದ ವಿಜ್ಞಾನಿಗಳು ದಣಿದು ಕುಳಿತಾಗ, ಜೊತೆಗಿದ್ದ ಕಾಣಿ ಬುಡಕಟ್ಟಿನವರು ಯಾವುದೋ ಕಾಯಿ ತಿನ್ನುತ್ತ ಲವಲವಿಕೆಯಿಂದಿದ್ದರು. ಅದೇ ಆರೋಗ್ಯಪಚ್ಚ. ಪಾಲೋಡಿನ ಉಷ್ಣವಲಯ ಸಸ್ಯೋದ್ಯಾನ ಸಂಸ್ಥೆ ಅದರಿಂದ ‘ಜೀವನಿ’ ಎಂಬ ಔಷಧ ರೂಪಿಸಿತು. 1995ರಲ್ಲಿ ತಯಾರಿಕೆಯ ಪರವಾನಗಿ ಕೊಟ್ಟಾಗ ಶುಲ್ಕದಲ್ಲೂ ರಾಯಧನದಲ್ಲೂ ಅರ್ಧ ಪಾಲು ಕಾಣಿಗಳಿಗೆಂದು ಒಪ್ಪಿತು. ಆ ಏರ್ಪಾಟಿನ ಮೇಲೆ ಟೀಕೆಗಳೂ ಬಂದವು. ಆದರೂ ದಾರಿ ತೋರಿದವನಿಗೆ ಪಾಲುಂಟು ಎಂಬ ತತ್ತ್ವವನ್ನು ಅದು ಒಪ್ಪಿಕೊಂಡಿತು.

ಇದೇ ಬೆಟ್ಟದಲ್ಲಿ ಹಕ್ಕಿನ ಪ್ರಶ್ನೆಯೂ ಎದ್ದಿತು. ಶಿಖರಕ್ಕೆ ಹೆಂಗಸರನ್ನು ಬಿಡುತ್ತಿರಲಿಲ್ಲ. ಲಿಂಗದ ಕಾರಣಕ್ಕೆ ತಡೆಯಕೂಡದೆಂದು ಕೇರಳ ಹೈಕೋರ್ಟು 2018ರಲ್ಲಿ ತೀರ್ಪಿತ್ತಿತು. 2019ರ ಜನವರಿಯಲ್ಲಿ, ರಕ್ಷಣಾ ಇಲಾಖೆಯ ವಕ್ತಾರರಾಗಿದ್ದ ಧನ್ಯಾ ಸನಲ್ ಶಿಖರ ಮುಟ್ಟಿದರು. ಅದು ತಮ್ಮ ದೇವರ ಬೆಟ್ಟ, ಹೆಂಗಸರು ಹತ್ತಬಾರದೆಂದು ಕಾಣಿಗಳು ಪ್ರತಿಭಟಿಸಿದ್ದರು. ತೀರ್ಪು ನ್ಯಾಯವಾದುದೇ, ಹೊರಗಿನ ಗಂಡಸಿಗೆ ತೆರೆದ ದಾರಿ ಹೆಂಗಸಿಗೆ ಮುಚ್ಚಿರಬೇಕೆಂಬುದಕ್ಕೆ ಸಮರ್ಥನೆಯಿಲ್ಲ. ಆದರೆ ಕೋರ್ಟು ಕೊಡಬಲ್ಲದ್ದು ನಡೆಯುವ ಹಕ್ಕು ಮಾತ್ರ. ಇನ್ನೊಬ್ಬರ ದೇವರ ನೆಲದಲ್ಲಿ ಹೇಗೆ ನಡೆಯಬೇಕೆಂಬ ವಿನಯವನ್ನು ಯಾವ ಕೋರ್ಟೂ ಕೊಡಲಾರದು. ಅದು ಗಂಡಸಿಗೂ ಹೆಂಗಸಿಗೂ ಸಮನಾದ ಸಾಲ.

ಹಾಗಾದರೆ ಪ್ಲಾಸ್ಟಿಕ್ ಹೆಕ್ಕಿ ತಂದರೆ ಸಾಲ ತೀರಿತೇ? ಚಾರಣಿಗರು ಮೂಟೆ ಹೊತ್ತು ಇಳಿಯುವುದು ಒಳ್ಳೆಯದೇ. ಆದರೆ ಇಳಿದ ಮೂಟೆ ಎಲ್ಲಿಗೆ ಹೋಗುತ್ತದೆ? 2023ರ ಮಾರ್ಚಿನಲ್ಲಿ ಬ್ರಹ್ಮಪುರದ ಕಸದ ರಾಶಿಗೆ ಬೆಂಕಿ ಬಿದ್ದು, ಹತ್ತು ದಿನಕ್ಕೂ ಮೀರಿ ಕೊಚ್ಚಿಯ ಜನ ಹೊಗೆ ಕುಡಿದರು. ಬೆಟ್ಟದ ಕಸವನ್ನು ಪೇಟೆಯ ಬಡವರ ಬಾಗಿಲಿಗೆ ಸುರಿದರೆ ಅದು ಸಾಲ ತೀರಿಸಿದಂತಲ್ಲ, ಸಾಲಗಾರನನ್ನು ಬದಲಿಸಿದಂತೆ. ಹೊತ್ತೊಯ್ಯದಿರುವುದೇ ಮೇಲು.

ಅಮೆರಿಕದ ಅಪಲೇಷಿಯನ್ ಕಾಲುದಾರಿ ಸುಮಾರು 3,500 ಕಿಲೋಮೀಟರು ಉದ್ದ. ಅದರ ಒಂದೊಂದು ತುಂಡನ್ನು ಒಂದೊಂದು ಚಾರಣ ಸಂಘ ವಹಿಸಿಕೊಂಡು ನೋಡಿಕೊಳ್ಳುತ್ತದೆ. ನಮ್ಮ ಸಂಘಗಳೂ ಇಲಾಖೆಯ ಅನುಮತಿಯಿಂದ ಒಂದು ಮೈಲಿಯನ್ನು ವಹಿಸಿಕೊಳ್ಳಬಹುದು. ವರ್ಷದಲ್ಲಿ ಒಂದು ದಿನ ನಡೆಯಲು, ಇನ್ನೊಂದು ದಿನ ಕಲ್ಲು ಹೂಳಲು. ಕಾಡು ಒಣಗಿರುವಾಗಲೂ ಮಳೆಯಲ್ಲಿ ನೆನೆಯುವಾಗಲೂ ಮನೆಯಲ್ಲೇ ಇರಲು. ಈ ಮೂರನೆಯದೂ ಸೇವೆಯೇ. ನಡೆಯದೆ ಇರುವುದನ್ನು ಕಲಿತವನಿಗೆ ನಡೆಯುವ ಅಧಿಕಾರ ಹೆಚ್ಚು ಎಂದು ನನಗೆ ತೋರುತ್ತದೆ.