ಮಾರುವ ಮನೆಯ ಏರ್ ಕಂಡಿಷನರ್
ಬಿಳಿಚೋಡಿನಂತಹ ಬಯಲುಸೀಮೆಯ ಊರಿನಲ್ಲಿ ಮನೆ ಕೊಳ್ಳಬಂದವರು ಏರ್ ಕಂಡಿಷನರನ್ನು ಹೆಚ್ಚೆಂದರೆ ಹತ್ತು ನಿಮಿಷ ಓಡಿಸಿ ನೋಡಿಯಾರು. ಕೊಳವೆಯ ಸೋರಿಕೆಯನ್ನು ಬೆಸೆಯದೆ ಅನಿಲವನ್ನಷ್ಟೇ ತುಂಬಿಸಿದರೂ ಆ ಹತ್ತು ನಿಮಿಷ ತಂಪು ಧಾರಾಳವಾಗಿ ಬರುತ್ತದೆ. ಇದನ್ನು ರಿಪೇರಿಯೆನ್ನಲಾದೀತೆ? ತತ್ತ್ವಾರ್ಥಸೂತ್ರವು ಅಚೌರ್ಯ ವ್ರತದ ಅತಿಚಾರಗಳಲ್ಲಿ ಎಣಿಸುವ ಪ್ರತಿರೂಪಕ ವ್ಯವಹಾರಕ್ಕೆ ಇದು ತೀರ ಸಮೀಪವಾದುದು. ಕೊಳ್ಳುವವನ ಸಾಮಾನ್ಯ ಎಚ್ಚರಕ್ಕೆ ಕಾಣದ, ತನಗೆ ತಿಳಿದಿರುವ ಮುಖ್ಯ ದೋಷವನ್ನು ಮಾರುವವನು ತಿಳಿಸಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು ಹೇಳುತ್ತದೆ. ಯಂತ್ರವೂ ಅದರೊಳಗೆ ಬರುವುದೇ ಎಂಬುದು ವಕೀಲರ ಚರ್ಚೆ; ವ್ರತದಲ್ಲಿ ಆ ಸಂದಿಲ್ಲ.

ಹಾಗೆಂದು ಹೊಸದನ್ನು ಕೂರಿಸುವುದೇ ಧರ್ಮವೆಂದಲ್ಲ. ಬೆಸುಗೆಯಿಂದ ಸರಿಹೋಗುವ ಯಂತ್ರವನ್ನು ಮನೆಯ ಬೆಲೆಯೇರಿಸಲೆಂದು ಗುಜರಿಗೆ ಹಾಕಿ, ಅದರೊಳಗಿನ ಆರ್-22 ಅನಿಲವನ್ನು ಓಜೋನ್ ಪದರ ಕೆಡುವಂತೆ ಗಾಳಿಗೆ ಬಿಡುವುದು ಲೋಭದಿಂದ ಹುಟ್ಟಿದ ಹಿಂಸೆ. ಮೊದಲು ಸೋರಿಕೆಯನ್ನು ಬೆಸೆಸಬೇಕು. ಅದಾಗದಿದ್ದರೆ ದೋಷವನ್ನು ಹೇಳಿ ಬೆಲೆಯಲ್ಲಿ ಮುರಿದುಕೊಡಬೇಕು. ಕೊಳ್ಳುವವರಿಗೆ ಆ ಯಂತ್ರವೇ ಬೇಡವಾಗಿರಲೂಬಹುದು. ಕೇಳಿ ನೋಡಿದವರು ಕಡಿಮೆ.