ಕಾಡು ಯಾರಿಗೆ ಮೀಸಲು?

ಕೆಂಗೇರಿಗೆ ಹತ್ತಿರದ ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡಲು 2021ರಲ್ಲಿ ಅರಣ್ಯ ಇಲಾಖೆ ಹೊರಟಾಗ ಸುತ್ತಲಿನ ಜನ ಪ್ರತಿಭಟಿಸಿದರು. ಯೋಜನೆ ನಿಂತಿತು. ಒಳ್ಳೆಯದೇ ಆಯಿತು. ಆದರೆ ಆಗ ಕೇಳಿಬಂದ ವಾದಗಳನ್ನು ಕುರಿತು ಯೋಚಿಸಬೇಕು. ಪಾರ್ಕ್ ಇರುವುದು ಜನರಿಗಾಗಿ ಎಂಬುದು ಒಂದು ವಾದ. ಕಾಡು ನಗರದ ಶ್ವಾಸಕೋಶ ಎಂಬುದು ಇನ್ನೊಂದು. ಶ್ವಾಸಕೋಶ ಒಂದು ದೇಹದ ಅಂಗ. ಇಲ್ಲಿ ಆ ದೇಹ ನಮ್ಮದು. ಎರಡು ವಾದಗಳಲ್ಲೂ ಕಾಡು ಇರುವುದು ನಮ್ಮ ಸೇವೆಗೆ.

ಇದು ಹಳೆಯ ಅಭ್ಯಾಸ. ‘ಮೀಸಲು ಅರಣ್ಯ’ದ ಕಲ್ಪನೆ ಗಟ್ಟಿಯಾದದ್ದು 1878ರ ಬ್ರಿಟಿಷ್ ಕಾನೂನಿನಿಂದ. ಆಗ ಕಾಡು ಮೀಸಲಾದದ್ದು ನಾಟಾಕ್ಕೆ, ರೈಲು ಹಳಿಯ ದಿಮ್ಮಿಗೆ. ಸುತ್ತಲಿನ ಹಳ್ಳಿಗರ ಸೌದೆ, ಮೇವು ಹೊರಗುಳಿದವು. ಈಗ ಅದು ಮೀಸಲು ನಮ್ಮ ಉಸಿರಿಗೆ, ಭಾನುವಾರದ ಸೈಕಲ್ ಸವಾರಿಗೆ.

ಉಪಯೋಗದ ಮಾತಿಗೆ ಬಲವಿದೆ, ನಿಜ. ಸರ್ಕಾರಕ್ಕೆ ಬೇಗ ತಿಳಿಯುವುದೂ ಅದೇ. ಆದರೆ ಉಪಯೋಗಕ್ಕೆಂದು ಉಳಿದದ್ದು, ಅದಕ್ಕಿಂತ ದೊಡ್ಡ ಉಪಯೋಗ ಕಂಡ ದಿನ ಉಳಿಯುವುದಿಲ್ಲ. ನಾಳೆ ಅಲ್ಲೊಂದು ರಸ್ತೆಯಾದರೆ ಇನ್ನೂ ಹೆಚ್ಚು ಜನಕ್ಕೆ ಅನುಕೂಲ ಎಂದರೆ ಏನು ಹೇಳುತ್ತೇವೆ?

ಅಲ್ಲಿನ ನವಿಲಿಗೆ, ಕುರುಚಲಿಗೆ ನಮ್ಮ ಹಂಗಿಲ್ಲದ ಬದುಕೊಂದಿದೆ. ಮುಂದಿನ ಮನವಿಪತ್ರದಲ್ಲಿ ಅದನ್ನೇ ಮೊದಲ ಕಾರಣವಾಗಿ ಬರೆಯಬೇಕು.