ಪರಸ್ಪರರ ಮುಂದೆ ತಲೆಬಾಗಿದವರು

ಕಾಶಿಯ ಶಿವಾಲದಲ್ಲಿ ಚೇತ್‌ಸಿಂಗನ ಕೋಟೆಯಿಂದ ಗಂಗೆಯ ದಡದಲ್ಲೇ ಉತ್ತರಕ್ಕೆ ನಡೆದರೆ, ಹನುಮಾನ್ ಘಾಟ್ ದಾಟಿದ ಮೇಲೆ ಮೈಸೂರು ಸಂಸ್ಥಾನದ ಕರ್ನಾಟಕ ಘಾಟ್ ಸಿಗುತ್ತದೆ. ಮೇಲಿನ ರಸ್ತೆ ಹಿಡಿದರೆ ಸೋನಾರ್‌ಪುರ, ಮುಸ್ಲಿಂ ನೇಕಾರರ ಮದನ್‌ಪುರ, ವೀರಶೈವರ ಜಂಗಮವಾಡಿ ಮಠ, ಆಮೇಲೆ ಗೊದೌಲಿಯಾ. ಆ ಜನಜಂಗುಳಿಯ ಮಗ್ಗುಲಲ್ಲೇ ಸಂತ ತೋಮರ ಚರ್ಚು ನಿಂತಿದೆ. ಅಲ್ಲಿನ ವೃತ್ತಕ್ಕೆ ಊರು ಇಟ್ಟಿರುವ ಹೆಸರೇ ಗಿರ್ಜಾಘರ್ ಚೌರಾಹಾ. ವಿಶ್ವನಾಥನ ದರ್ಶನಕ್ಕೆ ಹೊರಟವರೂ ರಿಕ್ಷಾದವನಿಗೆ ಆ ಹೆಸರನ್ನೇ ಹೇಳುತ್ತಾರೆ.

ಈ ಊರು ಕ್ರೈಸ್ತರಿಗೆ ಕೊಟ್ಟದ್ದು ಹೆಸರನ್ನಷ್ಟೇ ಅಲ್ಲ. ಜಯನಾರಾಯಣ ಘೋಷಾಲ್ ಎಂಬ ಬಂಗಾಳಿ ಹಿಂದೂ ಜಮೀನುದಾರರು ಕಾಶಿಯಲ್ಲಿ ಶಾಲೆಯೊಂದನ್ನು ತೆರೆದಿದ್ದರು. 1818ರಲ್ಲಿ ಅದನ್ನು ಚರ್ಚ್ ಮಿಷನರಿ ಸೊಸೈಟಿಯ ಕೈಗೆ ಒಪ್ಪಿಸಿದರು. ತಮ್ಮ ಧರ್ಮವನ್ನು ಬಿಡದೆಯೇ, ಮಕ್ಕಳು ಕಲಿಯಲಿ ಎಂಬ ಆಸೆಯಿಂದ ಪರಧರ್ಮದವರನ್ನು ನಂಬಿದರು. ಆ ಶಾಲೆ ಅವರ ಹೆಸರಿನಲ್ಲೇ ಇಂದಿಗೂ ನಡೆಯುತ್ತಿದೆ. ಇಂಥ ನಂಬಿಕೆಯನ್ನು ಪಡೆದವರ ಮೇಲೆ ಒಂದು ಋಣ ಉಳಿಯುತ್ತದೆ. ತಮ್ಮನ್ನು ಒಳಗೆ ಕರೆದುಕೊಂಡ ಊರಿನಲ್ಲಿ ಅವರೂ ಎಲ್ಲರನ್ನು ಒಳಗೆ ಕರೆಯಬೇಕಲ್ಲವೇ?

ಆದರೆ ಬಹುಕಾಲ ಕ್ರೈಸ್ತರು ತಮ್ಮತಮ್ಮಲ್ಲೇ ಒಂದಾಗಿರಲಿಲ್ಲ. ಯುರೋಪಿನಲ್ಲಿ ಹುಟ್ಟಿದ ಜಗಳಗಳು ಹಡಗು ಹತ್ತಿ ಇಲ್ಲಿಗೂ ಬಂದಿದ್ದವು. ನಮ್ಮ ಕರ್ನಾಟಕವನ್ನೇ ನೋಡಿ. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮೆಥಡಿಸ್ಟರು, ಬಳ್ಳಾರಿಯಲ್ಲಿ ಲಂಡನ್ ಮಿಷನ್, ಮಂಗಳೂರು ಮತ್ತು ಧಾರವಾಡದಲ್ಲಿ ಬಾಸೆಲ್ ಮಿಷನ್. ಕನ್ನಡದ ಕ್ರೈಸ್ತನೊಬ್ಬ ಯಾವ ಪಂಗಡದವನು ಎಂಬುದನ್ನು ಎಷ್ಟೋ ಸಲ ನಿರ್ಧರಿಸಿದ್ದು ಅವನ ವಿಶ್ವಾಸವಲ್ಲ, ಅವನ ಜಿಲ್ಲೆ. ಇಂಗ್ಲೆಂಡಿನ ಯಾವುದೋ ಶತಮಾನದ ಮನಸ್ತಾಪಕ್ಕೆ ಬಳ್ಳಾರಿಯ ರೈತ ವಾರಸುದಾರನಾಗಿದ್ದ.

ಇದು ಸಲ್ಲದು ಎಂದು ಮೊದಲು ಗಟ್ಟಿಯಾಗಿ ಹೇಳಿದವರು ಭಾರತೀಯ ಸಭಾಪಾಲಕರೇ. 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದವರ ಮುಂಚೂಣಿಯಲ್ಲಿ ವಿ. ಎಸ್. ಅಜರಯ್ಯ ಇದ್ದರು, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಅವರು. ಒಂದಾಗುವ ಮಾತುಕತೆ 28 ವರ್ಷ ನಡೆಯಿತು. ಅಜರಯ್ಯನವರು ಅದರ ಫಲ ನೋಡಲಿಲ್ಲ. 1945ರ ಜನವರಿಯಲ್ಲಿ ತೀರಿಕೊಂಡರು. ಸ್ವಾತಂತ್ರ್ಯ ಬಂದು ಆರು ವಾರ ಕಳೆದ ಮೇಲೆ, 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ನಾವು ಸಿಎಸ್‌ಐ ಎನ್ನುವುದು, ಹುಟ್ಟಿತು. ಬೆಂಗಳೂರಿನ ನಟ್ಟನಡುವೆ, ಪಾಲಿಕೆ ಕಚೇರಿಯ ಎದುರು ಕಲ್ಲಿನಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ದೇವಾಲಯ ಈ ಸಭೆಗೆ ಸೇರಿದ್ದು. 1904ರ ಆ ಕಟ್ಟಡಕ್ಕೆ ಇರುವುದು ಶಿಕ್ಷಣಕ್ಕಾಗಿ ದುಡಿದ ವೆಸ್ಲಿಯನ್ ಮಿಷನರಿ ಜೋಸಾಯ ಹಡ್ಸನ್ನರ ಹೆಸರು. ಅಲ್ಲಿನ ಆರಾಧನೆ ಕನ್ನಡದ್ದು.

ಉತ್ತರದಲ್ಲಿ ಕೆಲಸ ಇನ್ನೂ ಕಷ್ಟವಿತ್ತು. 1929ರಲ್ಲಿ ಶುರುವಾದ ಮಾತು ಕೈಗೂಡಿದ್ದು 1970ರ ನವೆಂಬರ್ 29ರಂದು, ನಾಗಪುರದಲ್ಲಿ. ಆಂಗ್ಲಿಕನ್ನರು, ಸಂಯುಕ್ತ ಉತ್ತರ ಭಾರತ ಸಭೆಯವರು, ಬ್ಯಾಪ್ಟಿಸ್ಟರು, ಬ್ರೆದ್ರನ್ನರು, ಮೆಥಡಿಸ್ಟರು, ಡಿಸೈಪಲ್ಸ್ ಪಂಗಡದವರು ಸೇರಿ ಉತ್ತರ ಭಾರತ ಸಭೆ, ಅಂದರೆ ಸಿಎನ್‌ಐ, ಆಯಿತು. ಗೊದೌಲಿಯಾದ ಚರ್ಚು ಇಂದು ಇದರದ್ದೇ.

ಈ ಆರು ಪಂಗಡಗಳ ನಡುವಿನ ತಕರಾರು ಸಣ್ಣದಾಗಿರಲಿಲ್ಲ. ಕೆಲವರು ಎಳೆಗೂಸಿಗೆ ದೀಕ್ಷಾಸ್ನಾನ ಕೊಡುತ್ತಿದ್ದರು. ವ್ಯಕ್ತಿ ಬೆಳೆದು, ತಾನೇ ನಂಬಿ ಕೇಳಿದ ಮೇಲೆಯೇ ಕೊಡಬೇಕು ಎನ್ನುವವರು ಬ್ಯಾಪ್ಟಿಸ್ಟರು. ಇದೇ ವಿಷಯಕ್ಕೆ ಯುರೋಪಿನಲ್ಲಿ ಒಂದು ಕಾಲಕ್ಕೆ ಜನರನ್ನು ಕೊಂದಿದ್ದಾರೆ. ಸಿಎನ್‌ಐ ಎರಡನ್ನೂ ತನ್ನದೆಂದು ಒಪ್ಪಿತು. ಇನ್ನೊಂದು ಪ್ರಶ್ನೆ, ಯಾರ ಸಭಾಪಾಲಕ ದೀಕ್ಷೆ ನಿಜವಾದದ್ದು ಎಂಬುದು. ಬಿಷಪ್ ಕೈಯಿಟ್ಟರೆ ಮಾತ್ರ ಸಿಂಧು ಎಂಬವರೂ ಬಿಷಪ್ಪರೇ ಬೇಡ ಎಂಬವರೂ ಅಲ್ಲಿದ್ದರು. ನಾಗಪುರದ ಆ ಆರಾಧನೆಯಲ್ಲಿ ಆರೂ ಕಡೆಯ ಪ್ರತಿನಿಧಿಗಳು ಪರಸ್ಪರರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ನಿನ್ನೆಯವರೆಗೆ ಯಾರ ದೀಕ್ಷೆಯನ್ನು ಅನುಮಾನಿಸಿದ್ದರೋ ಅವರ ಕೈಯಿಂದಲೇ ಆಶೀರ್ವಾದ ಪಡೆದರು. ನನ್ನಲ್ಲಿಯೂ ಏನೋ ಕೊರತೆಯಿದೆ, ಅದು ನಿನ್ನಿಂದ ತುಂಬಲಿ ಎಂದು ಒಪ್ಪಿಕೊಳ್ಳದವರಿಗೆ ಹಾಗೆ ತಲೆಬಾಗುವುದು ಸಾಧ್ಯವಿಲ್ಲ.

ಎಲ್ಲರನ್ನೂ ಒಳಗೊಳ್ಳುತ್ತೇವೆ ಎಂದು ಇಂದು ಹೇಳದವರಿಲ್ಲ. ಹೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವ ಚಿತ್ರ ಒಂದೇ: ಮನೆ ನಮ್ಮದು, ಬಾಗಿಲು ನಮ್ಮದು, ಬರುವವರು ನಮ್ಮ ದಯೆಯಿಂದ ಬರುತ್ತಾರೆ. ನಾಗಪುರ ಕಲಿಸಿದ್ದು ಬೇರೆ. ಅಲ್ಲಿ ಯಾರೂ ಯಜಮಾನರಾಗಿ ಉಳಿಯಲಿಲ್ಲ, ಯಾರೂ ಅತಿಥಿಯಾಗಲಿಲ್ಲ. ಒಳಗೊಳ್ಳುವವನೂ ಬದಲಾಗಬೇಕು ಎಂಬುದೇ ಅದರ ತಿರುಳು.

ಈ ಪಾಠವನ್ನು ಸಭೆಗಳು ಪೂರ್ತಿ ಕಲಿತಿಲ್ಲ. ಸಿಎಸ್‌ಐಗೆ ಮೊದಲ ಮಹಿಳಾ ಬಿಷಪ್ ಆಗಿ ಈ. ಪುಷ್ಪಲಲಿತಾ ಬಂದದ್ದು 2013ರಲ್ಲಿ, ಸಭೆ ಹುಟ್ಟಿ 66 ವರ್ಷಗಳ ಮೇಲೆ. ಜಾತಿಯ ಗಾಯ ಇನ್ನೂ ಆಳದ್ದು. ಈ ನಾಡಿನ ಕ್ರೈಸ್ತರಲ್ಲಿ ಬಹಳಷ್ಟು ಮಂದಿ ದಲಿತ ಮೂಲದವರು. 1950ರ ರಾಷ್ಟ್ರಪತಿ ಆದೇಶದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅವರಿಗೆ ಇಂದಿಗೂ ಜಾಗವಿಲ್ಲ, ಅದು ಅನ್ಯಾಯವೆಂದು ಸಭೆಗಳು ಸರಿಯಾಗಿಯೇ ಕೇಳುತ್ತಿವೆ. ಆದರೆ ಮದುವೆ ಸಂಬಂಧ ನೋಡುವಾಗ, ಸಮಿತಿಗೆ ಆರಿಸುವಾಗ, ಕೆಲವೆಡೆ ಸಮಾಧಿಯ ಜಾಗ ಗೊತ್ತುಮಾಡುವಾಗಲೂ ಅದೇ ಜಾತಿ ಒಳಗೆ ಕೂತು ಮಾತಾಡುತ್ತದೆ. ಆಂಗ್ಲಿಕನ್ ಮತ್ತು ಬ್ಯಾಪ್ಟಿಸ್ಟ್ ಎಂಬ ಪರದೇಶದ ಗೋಡೆಗಳನ್ನು ಕೆಡವಿದವರಿಗೆ ನಮ್ಮದೇ ಮಣ್ಣಿನ ಗೋಡೆಯನ್ನು ಕೆಡವಲು ಇನ್ನೂ ಕೈ ಬಂದಿಲ್ಲ. ಲಿಂಗತ್ವ ಅಲ್ಪಸಂಖ್ಯಾತರು ಆರಾಧನೆಗೆ ಬಂದು ಕೂತರೆ ಪಕ್ಕದ ಬೆಂಚು ಖಾಲಿಯಾಗದಿರಲಿ ಎಂಬುದಕ್ಕೂ ಇದೇ ಎದೆಗಾರಿಕೆ ಬೇಕು.

ಇದು ಕ್ರೈಸ್ತರಿಗೆ ಮಾತ್ರ ಹೇಳುವ ಮಾತಲ್ಲ. ಜಾತಿಗೊಂದು ಮಠ, ಪಂಗಡಕ್ಕೊಂದು ಕಲ್ಯಾಣಮಂಟಪ, ಒಂದೇ ಊರಿನಲ್ಲಿ ಎರಡು ಸ್ಮಶಾನ ಇಟ್ಟುಕೊಂಡಿರುವ ನಾವೆಲ್ಲರೂ ಆ ಆರು ಸಭೆಗಳಿಂದ ಕಲಿಯುವುದಿದೆ. ಮುಂದಿನ ಸಲ ಕಾಶಿಗೆ ಹೋದವರು ಗಿರ್ಜಾಘರ್ ವೃತ್ತದಲ್ಲಿ ಒಂದು ಗಳಿಗೆ ನಿಲ್ಲಿ, ಆರು ಪಂಗಡಗಳು ಹೇಗೆ ಒಂದಾದವು ಎಂಬುದನ್ನು ಜೊತೆಯ ಮಕ್ಕಳಿಗೆ ಹೇಳಿ. ಊರಿಗೆ ಮರಳಿದ ಮೇಲೆ, ಇಷ್ಟು ದಿನ ನಾವು ಯಾರನ್ನು ಕಡಿಮೆ ಎಂದು ಎಣಿಸಿದ್ದೆವೋ ಅವರ ಮುಂದೆ ಮೊದಲು ನಾವೇ ತಲೆಬಾಗೋಣ.